ಮಾದಾವರದಲ್ಲಿ ಇಳಿಯಬೇಕೋ, ಮೆಜೆಸ್ಟಿಕ್‌ವರೆಗೆ ಹೋಗಬೇಕೋ?

ಈ ಅಂಕಣ ಓದುವವರು ಸಿಕ್ಕಲ್ಲೆಲ್ಲ ಇತ್ತೀಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟರೆ ಮಾದಾವರದಲ್ಲೇ ಇಳಿದು ಮೆಟ್ರೊ ಹಿಡಿಯೋದು ಒಳ್ಳೇದಾ, ಇಲ್ಲಾ ಸುಮ್ಮನೆ ಮೆಜೆಸ್ಟಿಕ್‌ವರೆಗೂ ಕೂತಿರಬೇಕಾ?’ ಚನ್ನಗಿರಿಯ ಅಡಿಕೆ ಬೆಳೆಗಾರರು ಕೇಳಿದ್ದಾರೆ, ಹೊನ್ನಾಳಿಯ ಮೇಷ್ಟ್ರುಗಳು ಕೇಳಿದ್ದಾರೆ. ಮಗಳ ಬಾಣಂತನಕ್ಕೆ ಹೊರಟಿದ್ದ ನ್ಯಾಮತಿಯ ಒಬ್ಬ ತಾಯಿ ಕೇಳಿದ್ದಾರೆ. ಹಬ್ಬಕ್ಕೆ ಊರಿಗೆ ಬಂದು ಪೀಣ್ಯದ ಕಾರ್ಖಾನೆಗೆ ಮರಳುವ ಜಗಳೂರಿನ ಹುಡುಗರಂತೂ ತಮ್ಮತಮ್ಮಲ್ಲೇ ಇದರ ಮೇಲೆ ವಾದ ಮಾಡುತ್ತಾರೆ. ಯಾವ ದಿನ ಹೋಗುತ್ತೀರಿ, ಎಷ್ಟು ಗಂಟೆಗೆ ಮುಟ್ಟುತ್ತೀರಿ, ಕೈಯಲ್ಲಿ ಎಷ್ಟು ಲಗೇಜು ಇದೆ ಎಂಬುದರ ಮೇಲೆ ನಿಂತ ಪ್ರಶ್ನೆ ಇದು. ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ಆದರೆ ಈ ಪ್ರಶ್ನೆ ಇಷ್ಟು ಜನರ ಬಾಯಲ್ಲಿ ಬರುತ್ತಿರುವುದಕ್ಕೆ ಒಂದು ಕಾರಣವಿದೆ. ಬೆಂಗಳೂರಿನ ಮೆಟ್ರೊ ಜಾಲದಲ್ಲಿ ನಮ್ಮ ನಾಲ್ಕು ತಾಲೂಕುಗಳಿಗೆ ಹೇಳಿಮಾಡಿಸಿದಂಥ ನಿಲ್ದಾಣ ಯಾವುದಾದರೂ ಇದ್ದರೆ ಅದು ಮಾದಾವರ. ಅದನ್ನು ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಜ್ಜುಗೊಳಿಸುವ ಕೆಲಸ ಮಾತ್ರ ಇನ್ನೂ ಆಗಿಲ್ಲ.

ನಕ್ಷೆ ಮುಂದಿಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯಿತು. ಜಿಲ್ಲೆ ಬದಲಾಯಿತು, ತಾಲೂಕು ಹೊಸದಾಯಿತು, ರೈಲು ಮಾತ್ರ ದಾವಣಗೆರೆ, ಹರಿಹರ, ಶಿವಮೊಗ್ಗ, ಭದ್ರಾವತಿಗಳಲ್ಲೇ ಉಳಿಯಿತು. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗದ ಕೆಲಸ ನಡೆದಿದೆ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗದ ಮಾತೂ ಇದೆ. ಅವು ಮುಗಿದ ದಿನ ಖುಷಿಪಡೋಣ. ಇವತ್ತಿಗೆ ನಮ್ಮ ಕಾಲು ನಿಂತಿರುವುದು ಬಸ್ಸಿನ ಮೆಟ್ಟಿಲ ಮೇಲೆ.

ಬಸ್ಸು ಯಾವ ದಾರಿ ಹಿಡಿದರೂ ತುಮಕೂರಿನ ಬಳಿ ಕೂಡಿಕೊಳ್ಳುತ್ತದೆ. ಜಗಳೂರಿನ ಬಸ್ಸು ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುತ್ತದೆ. ನ್ಯಾಮತಿ, ಹೊನ್ನಾಳಿ ಕಡೆಯದು ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ಮೇಲೆ ಬರಬಹುದು. ಚನ್ನಗಿರಿಯವರು ಎರಡೂ ದಾರಿ ಬಲ್ಲವರು. ತುಮಕೂರು ದಾಟಿದ ಮೇಲೆ ಎಲ್ಲರದೂ ಒಂದೇ ರಸ್ತೆ: ದಾಬಸ್‌ಪೇಟೆ, ನೆಲಮಂಗಲ, ಮಾದಾವರ. ಅಂದರೆ ನಮ್ಮ ಬಸ್ಸು ಬೆಂಗಳೂರು ಹೊಕ್ಕುವಾಗ ಕಾಣುವ ಮೊದಲ ಮೆಟ್ರೊ ನಿಲ್ದಾಣ ಇದು. ನೈಸ್ ರಸ್ತೆ ತುಮಕೂರು ರಸ್ತೆಗೆ ಸೇರುವ ಜಾಗ, ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಮಗ್ಗುಲು. ಬೆಂಗಳೂರಿನವರ ಲೆಕ್ಕದಲ್ಲಿ ಹಸಿರು ಮಾರ್ಗ ಇಲ್ಲಿ ಮುಗಿಯುತ್ತದೆ. ರೇಷ್ಮೆ ಸಂಸ್ಥೆ ಇನ್ನೊಂದು ತುದಿ. ಎರಡರ ನಡುವೆ 33 ಕಿಲೋಮೀಟರ್ ಚಿಲ್ಲರೆ ದೂರ, 32 ನಿಲ್ದಾಣ.

ಈ ತುದಿ ಮೊದಲಿನಿಂದ ಇಲ್ಲೇ ಇರಲಿಲ್ಲ. 2014ರ ಮಾರ್ಚ್‌ನಲ್ಲಿ ಹಸಿರು ಮಾರ್ಗದ ಮೊದಲ ತುಂಡು ಶುರುವಾದಾಗ ಅದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ಮಾತ್ರ ಇತ್ತು. 2015ರ ಮೇ ತಿಂಗಳಲ್ಲಿ ನಾಗಸಂದ್ರಕ್ಕೆ ಬಂತು. 2017ರ ಜೂನ್‌ನಲ್ಲಿ ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿ ಮುಟ್ಟಿತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಗೆ ಹೋಯಿತು. ನಮ್ಮ ಕಡೆಯ ತುದಿ ಮಾತ್ರ ನಾಗಸಂದ್ರದಲ್ಲೇ ಒಂಬತ್ತು ವರ್ಷ ಚಿಲ್ಲರೆ ನಿಂತಿತು. ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಎಂಬ ಮೂರೇ ನಿಲ್ದಾಣಗಳ, ಮೂರು ಕಿಲೋಮೀಟರ್ ಚಿಲ್ಲರೆಯ ವಿಸ್ತರಣೆ ಗಡುವಿನ ಮೇಲೆ ಗಡುವು ದಾಟಿ, ಕೊನೆಗೆ 2024ರ ನವೆಂಬರ್ 7ರಂದು ಜನರಿಗೆ ತೆರೆಯಿತು. ಮೂರು ಕಿಲೋಮೀಟರ್ ಅಂದರೆ ಏನು ಮಹಾ ಎನ್ನಬೇಡಿ. ತುಮಕೂರು ರಸ್ತೆಯಲ್ಲಿ ಬೆಳಗಿನ ಎಂಟೂವರೆಗೆ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯಗಳ ಮುಂದೆ ಬಸ್ಸಿನಲ್ಲಿ ಕೂತು ಕಾದವರಿಗೆ ಅದರ ಬೆಲೆ ಗೊತ್ತು. 2021ರ ಡಿಸೆಂಬರ್‌ನಲ್ಲಿ ಪೀಣ್ಯದ ಮೇಲ್ಸೇತುವೆಯ ಕೇಬಲ್‌ನಲ್ಲಿ ದೋಷ ಕಂಡು ಅದನ್ನು ಮುಚ್ಚಿದಾಗ ನಮ್ಮ ಬಸ್ಸುಗಳೆಲ್ಲ ಕೆಳಗಿನ ರಸ್ತೆಗೆ ಇಳಿದವು. ಕಾರು, ಬೈಕುಗಳಿಗೆ ಎರಡು ತಿಂಗಳಲ್ಲಿ ದಾರಿ ಬಿಟ್ಟರು. ಬಸ್ಸು, ಲಾರಿಯಂಥ ಭಾರಿ ವಾಹನಗಳು 2024ರವರೆಗೆ ಕಾಯಬೇಕಾಯಿತು. ಊರಿಂದ ತುಮಕೂರುವರೆಗೆ ಸಲೀಸಾಗಿ ಬಂದ ಬಸ್ಸು ಕೊನೆಯ ಇಪ್ಪತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ ತೆಗೆದುಕೊಂಡ ದಿನಗಳನ್ನು ಆ ಮೂರು ವರ್ಷ ಓಡಾಡಿದವರು ಮರೆತಿಲ್ಲ.

ಮೆಟ್ರೊ ಅಂದರೆ ನಮ್ಮ ಕಡೆ ಹಿರಿಯರು ಮಾಮೂಲಿ ರೈಲಿನ ತಮ್ಮನೆಂದೇ ತಿಳಿಯುತ್ತಾರೆ. ಎರಡೂ ಬೇರೆಬೇರೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರ್, ನಮ್ಮ ಮೆಟ್ರೊ ಹಳಿಯದು 1435. ತಲೆಯ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದಲ್ಲೇ ಮೂರನೆಯ ಹಳಿಯೊಂದು ಓಡುತ್ತದೆ, 750 ವೋಲ್ಟ್ ವಿದ್ಯುತ್ತು ಅದರಲ್ಲಿರುತ್ತದೆ. ಪ್ಲಾಟ್‌ಫಾರ್ಮಿನಿಂದ ಕೆಳಗೆ ಕಾಲಿಡಬಾರದು ಎಂದು ಅಷ್ಟು ಸಲ ಕೂಗಿ ಹೇಳುವುದು ಅದಕ್ಕೇ. ಲಘು ರೈಲು ಎಂದು ಹೊರದೇಶಗಳಲ್ಲಿ ಕರೆಯುವುದು ಇನ್ನೂ ಚಿಕ್ಕದು, ಒಂದೆರಡು ಬೋಗಿಯ ಗಾಡಿ, ಕೆಲವೆಡೆ ರಸ್ತೆಯ ಮೇಲೇ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ಹತ್ತಿರದ್ದು ಒಂದಿತ್ತು. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿಯ ಮೇಲೆ ಓಡುತ್ತಿದ್ದ ರೈಲ್‌ಬಸ್ಸು. 1940ರಲ್ಲಿ ಆ ಮಾರ್ಗ ತಾಳಗುಪ್ಪ ಮುಟ್ಟಿತು, ಅಲ್ಲಿಗೇ ನಿಂತಿತು. ಜೋಗ ನೋಡಲು ಹೊರಟ ನ್ಯಾಮತಿ, ಹೊನ್ನಾಳಿಯ ಎಷ್ಟೋ ಮಂದಿ ಶಿವಮೊಗ್ಗದಲ್ಲಿ ಅದನ್ನು ಹತ್ತಿದವರು. ಬ್ರಾಡ್‌ಗೇಜ್ ಬಂದ ಮೇಲೆ ಆ ಪುಟ್ಟ ಗಾಡಿ ಹೋಯಿತು. ತಾಳಗುಪ್ಪ ಈಗಲೂ ಮಾರ್ಗದ ತುದಿಯೇ. ಅಲ್ಲಿ ಇಳಿದವರು ಹೊರಗೆ ಬಂದು ಜೋಗಕ್ಕೋ ಸಿದ್ದಾಪುರಕ್ಕೋ ಬಸ್ಸು ಕೇಳುತ್ತಾರೆ. ಮಾರ್ಗದ ತುದಿಯ ಯಾವ ನಿಲ್ದಾಣದಲ್ಲೂ ಇಳಿದವರ ಮೊದಲ ಮಾತು ಇದೇ, ಇಲ್ಲಿಂದ ಮುಂದೆ ಹೇಗೆ ಎಂದು. ಆ ಮಾತಿಗೆ ಎಷ್ಟು ಬೇಗ ಉತ್ತರ ಸಿಗುತ್ತದೆ ಎಂಬುದರ ಮೇಲೆ ಆ ನಿಲ್ದಾಣ ಒಳ್ಳೆಯದೋ ಅಲ್ಲವೋ ಎಂದು ನಾನು ಅಳೆಯುತ್ತೇನೆ.

ಮಾದಾವರದ ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ನಿಂತರೆ ತುದಿಯ ನಿಲ್ದಾಣದ ಕೆಲಸ ಕಣ್ಣಿಗೆ ಕಾಣುತ್ತದೆ. ನಡುವಿನ ನಿಲ್ದಾಣದಲ್ಲಿ ಅರ್ಧ ನಿಮಿಷವೂ ನಿಲ್ಲದ ಗಾಡಿ ಇಲ್ಲಿ ಉಸಿರು ತೆಗೆದುಕೊಳ್ಳುತ್ತದೆ. ಬಂದವರೆಲ್ಲ ಇಳಿಯಬೇಕು. ಮೆಟ್ರೊ ಗಾಡಿಗೆ ಬೇರೆ ಎಂಜಿನ್ ಇಲ್ಲ, ಎರಡು ತುದಿಯಲ್ಲೂ ಚಾಲಕರ ಕೋಣೆ ಇರುತ್ತದೆ. ಹಾಗಾಗಿ ತಿರುಗಿಸುವ ಗೊಡವೆ ಇಲ್ಲ. ಚಾಲಕರು ಒಂದು ತುದಿಯ ಕೋಣೆ ಬಿಟ್ಟು ಇನ್ನೊಂದು ತುದಿಗೆ ಹೋಗುತ್ತಾರೆ, ಗಾಡಿ ಹಳಿ ಬದಲಿಸುವ ಅಡ್ಡಜೋಡಣೆ ದಾಟಿ ಹೋಗುವ ಹಳಿಗೆ ಬೀಳುತ್ತದೆ, ಫಲಕದಲ್ಲಿ ಊರ ಹೆಸರು ಬದಲಾಗುತ್ತದೆ. ಆರು ಬೋಗಿ ಪೂರ್ತಿ ಖಾಲಿ. ಇದೇ ತುದಿಯ ನಿಲ್ದಾಣದ ದೊಡ್ಡ ಸೌಕರ್ಯ. ನಾಗಸಂದ್ರ, ದಾಸರಹಳ್ಳಿ ಬರುವ ಹೊತ್ತಿಗೆ ಸೀಟು ತುಂಬುತ್ತದೆ, ಯಶವಂತಪುರಕ್ಕೆ ನಿಲ್ಲಲೂ ಜಾಗವಿರುವುದಿಲ್ಲ. ಮಾದಾವರದಲ್ಲಿ ಹತ್ತಿದವರಿಗೆ ಬೇಕಾದ ಕಡೆ ಸೀಟು. ಮಂಡಿನೋವಿನ ಅಜ್ಜಿಗೆ, ಬಗಲಲ್ಲಿ ಮಗುವಿರುವ ತಾಯಿಗೆ, ರಾತ್ರಿಯಿಡೀ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡವರಿಗೆ ಆ ಸೀಟಿನ ಬೆಲೆ ಟಿಕೆಟ್ ದರಕ್ಕಿಂತ ಹೆಚ್ಚು.

ಎಲ್ಲಿಗೆ ಹೋಗಬಹುದು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ತಾಲೂಕುಗಳಿಂದ ಬೆಂಗಳೂರಿಗೆ ಹೋಗುವವರಲ್ಲಿ ಸಾಕಷ್ಟು ಮಂದಿ ಆಸ್ಪತ್ರೆಗೆ ಹೋಗುವವರು. ಮಾದಾವರದಿಂದ ಎಣಿಸಿದರೆ ಮೆಜೆಸ್ಟಿಕ್ 17ನೇ ನಿಲ್ದಾಣ, ಅರ್ಧ ಗಂಟೆಯ ಆಸುಪಾಸಿನ ದಾರಿ. ಅದರಾಚೆ ಎರಡನೆಯದೇ ಕೃಷ್ಣರಾಜ ಮಾರುಕಟ್ಟೆ, ವಿಕ್ಟೋರಿಯಾ ಆಸ್ಪತ್ರೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. 24ನೆಯದು ಆರ್.ವಿ. ರಸ್ತೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಈ ನಿಲ್ದಾಣ ನಮ್ಮವರಿಗೆ ಬಹಳ ಮುಖ್ಯವಾಗಿದೆ. ಅಲ್ಲಿ ಒಂದೇ ಸಲ ಗಾಡಿ ಬದಲಿಸಿದರೆ ರಾಗಿಗುಡ್ಡದ ನಂತರ ಜಯದೇವ ಆಸ್ಪತ್ರೆ ನಿಲ್ದಾಣ. ಎದೆನೋವಿನ ರೋಗಿಯನ್ನು ಕರೆದುಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿದು, ಆಟೊದವರ ಜೊತೆ ಚೌಕಾಸಿ ಮಾಡಿ, ಡೇರಿ ಸರ್ಕಲ್ಲಿನ ಸಿಗ್ನಲ್ಲುಗಳಲ್ಲಿ ಕಾಯುವುದಕ್ಕೂ, ಮಾದಾವರದಲ್ಲಿ ಹತ್ತಿ ಕೂತು ಒಂದು ಬದಲಾವಣೆಯಲ್ಲಿ ಆಸ್ಪತ್ರೆಯ ಹತ್ತಿರ ಇಳಿಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹಳದಿ ಮಾರ್ಗದ ಇನ್ನೊಂದು ತುದಿ ಬೊಮ್ಮಸಂದ್ರ, ಅಲ್ಲಿ ಸುತ್ತಮುತ್ತ ದೊಡ್ಡ ಆಸ್ಪತ್ರೆಗಳಿವೆ, ಕಾರ್ಖಾನೆಗಳಿವೆ. ವಿಧಾನಸೌಧದ ಕಡೆ ಕೆಲಸವಿದ್ದವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಬೇಕು.

ಇಷ್ಟೆಲ್ಲ ಅನುಕೂಲವಿದ್ದರೆ ಜನ ಇಳಿಯಬೇಕೋ ಬೇಡವೋ ಎಂದು ಕೇಳುತ್ತಿರುವುದೇಕೆ? ಅಡ್ಡಿ ಇರುವುದು ಎರಡು ಕಡೆ, ಹೊತ್ತಿನಲ್ಲಿ ಮತ್ತು ಇಳಿಯುವ ಜಾಗದಲ್ಲಿ.

ನಮ್ಮ ಊರುಗಳ ರಾತ್ರಿ ಬಸ್ಸು ಒಂಬತ್ತೂವರೆ, ಹತ್ತಕ್ಕೆ ಹೊರಟರೆ ಬೆಳಗಿನ ಜಾವ ನಾಲ್ಕು, ನಾಲ್ಕೂವರೆಗೆ ನೆಲಮಂಗಲ ದಾಟುತ್ತದೆ. ಮೆಟ್ರೊ ಸಾಮಾನ್ಯ ದಿನಗಳಲ್ಲಿ ಶುರುವಾಗುವುದು 5 ಗಂಟೆಗೆ, ಭಾನುವಾರ 7ಕ್ಕೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಇಳಿದವರು ಎರಡೂವರೆ ಗಂಟೆ ಎಲ್ಲಿರಬೇಕು? ನಿಲ್ದಾಣದ ಬಾಗಿಲು ಹಾಕಿರುತ್ತದೆ. ಹೆದ್ದಾರಿಯ ಪಕ್ಕ ಲಾರಿಗಳ ಧೂಳು, ಹೆಣ್ಣುಮಕ್ಕಳಿಗಂತೂ ಒಂಟಿಯಾಗಿ ನಿಲ್ಲುವ ಜಾಗವಲ್ಲ. ಆ ಹೊತ್ತಿನಲ್ಲಿ ಮೆಜೆಸ್ಟಿಕ್‌ವರೆಗೆ ಹೋಗುವುದೇ ಸರಿ. ಅಲ್ಲಿ ಬೆಳಕಿದೆ, ಜನ ಇದ್ದಾರೆ, ಶೌಚಾಲಯ ಇದೆ, ಬಿಸಿ ಕಾಫಿ ಸಿಗುತ್ತದೆ. ರಸ್ತೆಯೂ ಆಗ ಖಾಲಿ, ಬಸ್ಸಿನಲ್ಲೇ ಬೇಗ ಮುಟ್ಟುತ್ತೀರಿ.

ಸೋಮವಾರದ ಕಥೆ ಬೇರೆ. 2025ರ ಜನವರಿ 13ರಿಂದ ಸೋಮವಾರಗಳಂದು ಮೆಟ್ರೊ ಬೆಳಿಗ್ಗೆ 4.15ಕ್ಕೇ ಶುರುವಾಗುವಂತೆ ಮಾಡಿದರು. ವಾರದ ಕೊನೆಗೆ ಊರಿಗೆ ಹೋಗಿ ಮರಳುವವರಿಗೆ ಅನುಕೂಲವಾಗಲಿ ಎಂಬುದೇ ಇದರ ಉದ್ದೇಶ. ನಮ್ಮ ಜಿಲ್ಲೆಗಳ ಪ್ರಯಾಣಿಕರನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ತೀರ್ಮಾನ ಎಂದು ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಮುಕ್ಕಾಲು ಗಂಟೆ ಮುಂಚೆ ಗಾಡಿ ಬಿಟ್ಟಿದ್ದು ಸಣ್ಣ ವಿಷಯ ಅನ್ನಿಸಬಹುದು. ಭಾನುವಾರ ರಾತ್ರಿ ಜಗಳೂರಿನಿಂದ ಹೊರಟು ಸೋಮವಾರ ಮೊದಲ ಪಾಳಿಗೆ ಪೀಣ್ಯದ ಗೇಟು ಮುಟ್ಟಬೇಕಾದ ಹುಡುಗನಿಗೆ ಅದು ಸಣ್ಣದಲ್ಲ. ರೂಮಿಗೆ ಹೋಗಿ ಸ್ನಾನ ಮಾಡಿ ಕೆಲಸಕ್ಕೆ ಹೋಗುವುದಕ್ಕೂ, ಬ್ಯಾಗ್ ಸಮೇತ ನೇರ ಕಾರ್ಖಾನೆಗೆ ಹೋಗುವುದಕ್ಕೂ ನಡುವೆ ಇರುವುದು ಆ ಮುಕ್ಕಾಲು ಗಂಟೆಯೇ.

ಎರಡನೆಯ ಅಡ್ಡಿ ಇಳಿಯುವ ಜಾಗ. ಒಂದು ಬೆಳಿಗ್ಗೆ ನಾನು ಮಾದಾವರದಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಹೇಳಿ ಬಾಗಿಲ ಬಳಿ ನಿಂತೆ. ಬಸ್ಸು ಸರ್ವಿಸ್ ರಸ್ತೆಗೆ ಇಳಿಯಲಿಲ್ಲ, ಹೆದ್ದಾರಿಯ ಎಡ ಅಂಚಿನಲ್ಲೇ ನಿಧಾನಿಸಿತು. ‘ಬೇಗ ಇಳೀರಿ ಸರ್, ಹಿಂದೆ ಗಾಡಿ ಬರ್ತಾವೆ’ ಎಂದರು. ನನ್ನ ಹಿಂದೆ ಇಳಿದ ದಂಪತಿಗೆ ಅಕ್ಕಿ ಚೀಲ, ಹಪ್ಪಳದ ಡಬ್ಬಿ, ಒಂದು ಸೂಟ್‌ಕೇಸು. ಹೆದ್ದಾರಿಗೂ ಸರ್ವಿಸ್ ರಸ್ತೆಗೂ ನಡುವಿನ ತಡೆ ದಾಟಬೇಕಿತ್ತು. ಹೆಂಗಸು ಸೀರೆ ಎತ್ತಿ ಹಿಡಿದು ದಾಟಿದರು, ಚೀಲವನ್ನು ನಾವಿಬ್ಬರು ಗಂಡಸರು ಎತ್ತಿ ಕೊಟ್ಟೆವು, ಆಚೆಯಿಂದ ದ್ವಿಚಕ್ರ ವಾಹನದವನೊಬ್ಬ ಗಾಡಿ ನಿಲ್ಲಿಸಿ ಹಿಡಿದುಕೊಂಡ. ‘ಇದಕ್ಕಿಂತ ಮೆಜೆಸ್ಟಿಕ್ಕೇ ವಾಸಿಯಿತ್ತು ಕಣ್ರೀ’ ಎಂದು ಆಕೆ ಗಂಡನಿಗೆ ಹೇಳಿದ್ದು ಸರಿಯಾಗೇ ಇತ್ತು. ತಪ್ಪು ಆ ಚಾಲಕನದೆಂದು ನನಗೆ ಅನ್ನಿಸಲಿಲ್ಲ. ಅಲ್ಲಿ ಊರಿನ ಬಸ್ಸು ನಿಲ್ಲಬೇಕೆಂದು ಗುರುತು ಮಾಡಿದ ಜಾಗ ಅವನ ಕಣ್ಣಿಗೆ ಬಿದ್ದಿದ್ದರೆ ತಾನೆ ಅವನು ನಿಲ್ಲಿಸುವುದು? ಕೋಟಿಗಟ್ಟಲೆ ಸುರಿದು ಕಟ್ಟಿದ ನಿಲ್ದಾಣಕ್ಕೂ ರಾಜ್ಯದ ಅರ್ಧ ಜಿಲ್ಲೆಗಳ ಬಸ್ಸು ಹೋಗುವ ರಸ್ತೆಗೂ ನಡುವೆ ಕೆಲವೇ ಮಾರು ಅಂತರ. ಪ್ರಯಾಣಿಕ ಕಷ್ಟಪಡುವುದು ಅಷ್ಟರಲ್ಲೇ.

ಬಸ್ಸನ್ನೂ ಮೆಟ್ರೊವನ್ನೂ ಊರ ಅಂಚಿನಲ್ಲಿ ಕೂಡಿಸುವ ಪ್ರಯತ್ನ ಹಿಂದೆ ಒಮ್ಮೆ ನಡೆದು ಕೈಕೊಟ್ಟಿದೆ. ಪೀಣ್ಯದಲ್ಲಿ ಸುಮಾರು 40 ಕೋಟಿ ರೂಪಾಯಿ ಖರ್ಚಿನಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿದರು. 2014ರಲ್ಲಿ ತುಮಕೂರು ರಸ್ತೆಯ ಕಡೆಯಿಂದ ಹೋಗಿಬರುವ ದೂರದ ಬಸ್ಸುಗಳನ್ನು ಅಲ್ಲಿಂದ ಓಡಿಸಲು ಶುರುಮಾಡಿದರು. ಮೆಜೆಸ್ಟಿಕ್‌ನ ದಟ್ಟಣೆ ಕಡಿಮೆಯಾಗಲಿ ಎಂಬ ಆಲೋಚನೆ ಕೆಟ್ಟದ್ದೇನಲ್ಲ. ಆದರೆ ಆಗ ಮೆಟ್ರೊ ಮೆಜೆಸ್ಟಿಕ್‌ವರೆಗೇ ಹೋಗುತ್ತಿರಲಿಲ್ಲ, ಸಂಪಿಗೆ ರಸ್ತೆಯಲ್ಲಿ ನಿಲ್ಲುತ್ತಿತ್ತು. ಬಸ್ ನಿಲ್ದಾಣವಾದರೋ ಮೆಟ್ರೊ ನಿಲ್ದಾಣದಿಂದ ಲಗೇಜು ಹೊತ್ತು ನಡೆಯುವಷ್ಟು ಹತ್ತಿರವಿರಲಿಲ್ಲ. ಪ್ರಯಾಣಿಕರು ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು, ಅಷ್ಟು ದೊಡ್ಡ ಕಟ್ಟಡ ಬಣಗುಡಲು ಶುರುವಾಯಿತು. ಜನರನ್ನು ದಾರಿಯಲ್ಲಿ ಇಳಿಸಿ ಬದಲಿ ವಾಹನ ಹಿಡಿಯಿರಿ ಎನ್ನುವವರು ಆ ಬದಲಿಯನ್ನು ಮೊದಲು ಸಲೀಸು ಮಾಡಿರಬೇಕು. ಚೆನ್ನೈನಲ್ಲೂ ಇದೇ ಆಯಿತು. 2023ರ ಡಿಸೆಂಬರ್ ಕೊನೆಗೆ ಕಿಲಂಬಾಕ್ಕಂನಲ್ಲಿ ಬಹು ದೊಡ್ಡ ಬಸ್ ನಿಲ್ದಾಣ ತೆರೆದು ದಕ್ಷಿಣದ ಜಿಲ್ಲೆಗಳ ಬಸ್ಸುಗಳನ್ನು ಅಲ್ಲಿಗೆ ಸಾಗಿಸಿದರು. ಮೆಟ್ರೊ ಅಲ್ಲಿಗೆ ಬಂದಿರಲಿಲ್ಲ, ಪಕ್ಕದಲ್ಲಿ ರೈಲು ನಿಲ್ದಾಣವೂ ಆಗಿರಲಿಲ್ಲ. ನಡುರಾತ್ರಿ ಬಂದಿಳಿದ ಪ್ರಯಾಣಿಕರ ಗೋಳು ಪತ್ರಿಕೆಗಳ ತುಂಬ ಬಂತು.

ಅಲ್ಲಿ ಬಸ್ಸಿತ್ತು, ಮೆಟ್ರೊ ಇರಲಿಲ್ಲ. ಮಾದಾವರದಲ್ಲಿ ಮೆಟ್ರೊ ಇದೆ, ಊರಿನ ಬಸ್ಸುಗಳೂ ಕಣ್ಣೆದುರೇ ಹೋಗುತ್ತವೆ. ಕಟ್ಟುವ ಕೆಲಸ ಮುಗಿದಿದೆ, ಉಳಿದಿರುವುದು ಜೋಡಿಸುವುದಷ್ಟೇ. ಹೈದರಾಬಾದಿನ ಮಿಯಾಪುರವೂ ಇಂಥದ್ದೇ ತುದಿಯ ನಿಲ್ದಾಣ, ಮುಂಬೈ ಹೆದ್ದಾರಿಯ ಮೇಲಿದೆ. 2017ರ ನವೆಂಬರ್‌ನಲ್ಲಿ ಅದು ಶುರುವಾದಾಗಿನಿಂದ ಜಹೀರಾಬಾದ್ ಮೇಲಿಂದ ಬರುವವರಿಗೆ ನಗರದ ಒಳಗೆ ಹೋಗಲು ಒಂದು ದಾರಿ ಸಿಕ್ಕಿದೆ. ಬೀದರಿನವರು ಮಾಡುವುದನ್ನು ದಾವಣಗೆರೆ ಜಿಲ್ಲೆಯವರು ಮಾಡಲಾಗದು ಎಂದೇನಿಲ್ಲ.

ದುಡ್ಡಿನ ಮಾತು ಆಡದಿದ್ದರೆ ಈ ವಿಷಯ ಪೂರ್ತಿಯಾಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಹೊನ್ನಾಳಿಯಿಂದ ಮೆಜೆಸ್ಟಿಕ್‌ವರೆಗೆ ಪುಕ್ಕಟೆ ಹೋಗಬಲ್ಲವರು ಮಾದಾವರದಲ್ಲಿ ಇಳಿದು ಮೆಟ್ರೊಗೆ ಯಾಕೆ ಕಾಸು ಕೊಡಬೇಕು? 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಮಾರ್ಗದ ಉದ್ದಕ್ಕೂ ಹೋಗುವವರಿಗೆ 60 ರೂಪಾಯಿ ಇದ್ದದ್ದು 90 ಆಯಿತು. ಕೂಲಿ ಮಾಡುವ ಹೆಂಗಸಿಗೆ ಅದು ಚಿಲ್ಲರೆ ಕಾಸಲ್ಲ. ಆಕೆ ಬಸ್ಸಿನಲ್ಲೇ ಕೂತಿದ್ದರೆ ಅದು ಆಕೆಯ ವಿವೇಕ. ಮೆಟ್ರೊ ದುಡ್ಡು ಉಳಿಸುವುದಿಲ್ಲ, ಹೊತ್ತು ಉಳಿಸುತ್ತದೆ. ಅದೂ ಹಗಲಲ್ಲಿ, ರಸ್ತೆ ತುಂಬಿರುವಾಗ. ಹೊತ್ತಿಗೆ ಬೆಲೆ ಯಾರಿಗೆ ಎಷ್ಟು ಎಂಬುದನ್ನು ಅವರವರೇ ನಿರ್ಧರಿಸಬೇಕು. ಸರ್ಕಾರಕ್ಕೆ ನನ್ನದೊಂದು ಸಲಹೆ ಇದೆ. ದೂರದ ಬಸ್ಸಿನ ಟಿಕೆಟ್ ಇದ್ದವರಿಗೆ, ಶೂನ್ಯ ಟಿಕೆಟ್ ಇದ್ದವರಿಗೂ ಸೇರಿ, ಮಾದಾವರದಿಂದ ಹೊರಡುವ ಮೆಟ್ರೊದಲ್ಲಿ ಅಂದು ಒಂದು ಸಲಕ್ಕೆ ರಿಯಾಯಿತಿ ಕೊಡಲಿ. ಒಬ್ಬೊಬ್ಬರು ಹಾಗೆ ಇಳಿದಷ್ಟೂ ಗೊರಗುಂಟೆಪಾಳ್ಯದಿಂದ ಮೆಜೆಸ್ಟಿಕ್‌ವರೆಗಿನ ರಸ್ತೆಯ ಹೊರೆ ಇಳಿಯುತ್ತದೆ.

ಈಗ ಮೆಟ್ರೊವನ್ನು ಮಾದಾವರದಿಂದ ತುಮಕೂರಿಗೇ ಒಯ್ಯುವ ಮಾತು ಜೋರಾಗಿದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಅದರ ಸಾಧ್ಯತೆ ಅಧ್ಯಯನದ ಪ್ರಸ್ತಾಪ ಬಂತು. ನಮ್ಮಲ್ಲಿ ಕೆಲವರು ಖುಷಿಯಾಗಿದ್ದಾರೆ, ಮೆಟ್ರೊ ಇನ್ನೂ ಹತ್ತಿರ ಬರುತ್ತದೆ ಎಂದು. ನನಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ. ಎರಡು ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಯಲ್ಲಿ ತುಮಕೂರಿನಿಂದ ಬೆಂಗಳೂರು ಮುಟ್ಟುವುದಕ್ಕಿಂತ, ಇರುವ ರೈಲು ಹಳಿಯ ಮೇಲೆ ಹೆಚ್ಚು ಗಾಡಿ ಬಿಡುವುದು ಅಗ್ಗ, ವೇಗವೂ ಹೌದು. ಇನ್ನೊಂದು ಕಡೆ ಉಪನಗರ ರೈಲು ಯೋಜನೆ ಇದೆ. 2022ರ ಜೂನ್ 20ರಂದು ಅದಕ್ಕೆ ಅಡಿಗಲ್ಲು ಬಿತ್ತು. ಅದರ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ, ಅಂದರೆ ಅದರ ತುದಿಯೂ ನಮ್ಮ ಕಡೆಯದೇ. ದಾವಣಗೆರೆಯಿಂದ ಅರಸೀಕೆರೆ, ತುಮಕೂರು ಮೇಲೆ ಬರುವ ರೈಲು ಚಿಕ್ಕಬಾಣಾವರ ದಾಟಿಯೇ ಯಶವಂತಪುರಕ್ಕೆ ಹೋಗುತ್ತದೆ. ಆ ಕೆಲಸ ಕುಂಟುತ್ತಿದೆ. ಮುಗಿದ ದಿನ ರೈಲಿನಲ್ಲಿ ಬರುವ ನಮ್ಮವರಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ದಾವಣಗೆರೆಯಲ್ಲಿ ರೈಲು ಹತ್ತಿದವರು ಯಶವಂತಪುರದಲ್ಲಿ ಇಳಿದು ಎದುರಿನ ಮೆಟ್ರೊ ಹಿಡಿಯುವುದೇ ಮೇಲು.

ಕೇಳಿದವರಿಗೆಲ್ಲ ನನ್ನ ಉತ್ತರ ಇಷ್ಟು. ಬಸ್ಸು ಬೆಳಿಗ್ಗೆ ಏಳರ ನಂತರ ನೆಲಮಂಗಲ ದಾಟುತ್ತಿದ್ದರೆ ಮಾದಾವರದಲ್ಲಿ ಇಳಿಯಿರಿ. ಸೋಮವಾರವಾದರೆ ನಾಲ್ಕೂವರೆಗೂ ಇಳಿಯಬಹುದು. ಭಾನುವಾರ ನಸುಕಿನಲ್ಲಿ ಬೇಡವೇ ಬೇಡ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ಮಕ್ಕಳ ಕೈಲಿ ಫೋನಿನಲ್ಲಿ ನೋಡಿಸಿಕೊಳ್ಳಿ. ಇಳಿಯುವ ಮಾತನ್ನು ತುಮಕೂರಿನಲ್ಲೇ ಕಂಡಕ್ಟರಿಗೆ ಹೇಳಿ, ಸರ್ವಿಸ್ ರಸ್ತೆಗೆ ತಿರುಗಿಸಲು ಚಾಲಕರಿಗೆ ಆಗ ಪುರುಸೊತ್ತು ಇರುತ್ತದೆ. ದೊಡ್ಡ ಮೂಟೆಗಳಿದ್ದರೆ ಮೆಜೆಸ್ಟಿಕ್‌ವರೆಗೇ ಹೋಗಿ. ಮೆಟ್ರೊದಲ್ಲಿ ಲಗೇಜಿಗೆ ಅಳತೆ, ತೂಕದ ಮಿತಿ ಇದೆ, ಬ್ಯಾಗನ್ನು ಯಂತ್ರದಲ್ಲಿ ಹಾಯಿಸಬೇಕು. ಲಿಫ್ಟ್ ಇದೆ, ಮೆಟ್ಟಿಲು ಹತ್ತಬೇಡಿ. ಬರುವಾಗಲೂ ಒಂದು ಎಚ್ಚರ: ದಟ್ಟಣೆಯ ಹೊತ್ತಿನಲ್ಲಿ ಕೆಲವು ಗಾಡಿಗಳು ತುದಿಯವರೆಗೆ ಹೋಗದೆ ನಡುವೆಯೇ ಹಿಂತಿರುಗುವುದುಂಟು, ಬೋರ್ಡಿನಲ್ಲಿ ಮಾದಾವರ ಎಂದಿದ್ದರೆ ಮಾತ್ರ ಹತ್ತಿ.

ಇನ್ನೊಂದು ಕೆಲಸ ನಾವೆಲ್ಲ ಸೇರಿ ಮಾಡಬೇಕು. ಮಾದಾವರದ ಸರ್ವಿಸ್ ರಸ್ತೆಯಲ್ಲಿ ಊರಿನ ಬಸ್ಸುಗಳಿಗೆ ಗುರುತು ಮಾಡಿದ ತಂಗುದಾಣ, ಅದಕ್ಕೊಂದು ಸೂರು, ದೀಪ, ರಾತ್ರಿಯೂ ತೆರೆದಿರುವ ಹೆಂಗಸರ ಶೌಚಾಲಯ, ಬೆಳಗಿನ ಜಾವ ಒಬ್ಬ ಪೊಲೀಸು ಬೇಕೆಂದು ಕೇಳೋಣ. ಬಸ್ಸಿನ ಮುಂದಿನ ಫಲಕದಲ್ಲಿ ‘ಮಾದಾವರ ಮೆಟ್ರೊ’ ಎಂದು ಬರೆಯಿಸಲಿ. ಇದಕ್ಕೆ ಹೊಸ ಹಳಿ ಬೇಡ, ಸಾವಿರಾರು ಕೋಟಿ ಬೇಡ. ಸಾರಿಗೆ ನಿಗಮ, ಮೆಟ್ರೊ ನಿಗಮ, ಹೆದ್ದಾರಿ ಪ್ರಾಧಿಕಾರ ಒಂದು ಮೇಜಿನ ಸುತ್ತ ಒಮ್ಮೆ ಕೂತರೆ ಸಾಕು. ಅವರನ್ನು ಕೂರಿಸುವುದು ನಮ್ಮ ಶಾಸಕರ, ಸಂಸದರ ಕೆಲಸ. ಮುಂದಿನ ಸಲ ಅವರು ನಿಮ್ಮ ಊರಿನ ಸಭೆಗೆ ಬಂದಾಗ, ರೈಲು ಯಾವಾಗ ಬರುತ್ತದೆ ಎಂಬ ಪ್ರಶ್ನೆಯ ಜೊತೆಗೆ ಮಾದಾವರದಲ್ಲಿ ಬಸ್ಸು ಯಾವಾಗ ನಿಲ್ಲುತ್ತದೆ ಎಂದೂ ಕೇಳಿ. ದಾವಣಗೆರೆಯ ಸಾರಿಗೆ ವಿಭಾಗೀಯ ಕಚೇರಿಗೆ ನಾನು ಅರ್ಜಿ ಬರೆಯುತ್ತಿದ್ದೇನೆ. ನೀವೂ ಬರೆಯಿರಿ.